ಹುಲ್ಲುಗಾವಲಿನ ಕುಲುಮೆಯಲ್ಲಿ ಒಂದು ಹಡಗು: ಟಾಮ್ ಸುಕನೆನ್ ಪ್ರಕರಣ

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ, ಮೂಸ್ ಜಾ ಪಟ್ಟಣದಿಂದ ದಕ್ಷಿಣಕ್ಕೆ ಎರಡನೇ ಹೆದ್ದಾರಿ ಹಿಡಿದು 13 ಕಿಲೋಮೀಟರ್ ಹೋದರೆ ಬಟಾಬಯಲಿನಲ್ಲಿ ಒಂದು ಹಡಗು ನಿಂತಿದೆ. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗುವುದು ಸಾವಿರ ಕಿಲೋಮೀಟರ್ ದಾಟಿದ ಮೇಲೆಯೇ. ಅದನ್ನು ಕಟ್ಟಿದವನು ಟಾಮ್ ಸುಕನೆನ್ ಎಂಬ ಫಿನ್‌ಲ್ಯಾಂಡಿನ ವಲಸೆಗಾರ. ಅವನ ಹೆಸರಿನಲ್ಲೇ ಅಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಹಳೆಯ ಕಾಲದ ಮನೆ, ಅಂಗಡಿ, ಕುಲುಮೆಗಳನ್ನು ತಂದು ಜೋಡಿಸಿ ಒಂದು ಊರನ್ನೇ ಮಾಡಿಟ್ಟಿದ್ದಾರೆ.

ಸುಕನೆನ್ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದು, ಬಯಲಿನಲ್ಲಿ ಹಡಗು ಕಟ್ಟಿದ ಹುಚ್ಚ. ಇನ್ನೊಂದು, ಲೋಕ ಅರ್ಥಮಾಡಿಕೊಳ್ಳದ ಕನಸುಗಾರ. ನನಗೆ ಎರಡೂ ಸಪ್ಪೆ ಎನಿಸುತ್ತವೆ. ಅವನು ಸರ್ಕಾರದಿಂದ ಜಮೀನು ಪಡೆದು ನೆಲ ಒಡೆದ ಒಕ್ಕಲಿಗ. ಜೊತೆಗೆ ಕಬ್ಬಿಣದ ಕೆಲಸ ಬಲ್ಲವನು. ಬೋರ್ಡು ಹಾಕಿಕೊಂಡು ಕುಳಿತ ಕಮ್ಮಾರನಲ್ಲ ನಿಜ, ಆದರೆ ಅವನ ಬದುಕಿನ ಒಂದೊಂದು ತಿರುವಿನಲ್ಲೂ ಕಾಣುವುದು ಕಮ್ಮಾರನ ಬುದ್ಧಿ: ಬೇಕಾದದ್ದು ಪೇಟೆಯಲ್ಲಿ ಸಿಗದಿದ್ದರೆ ಕಾಯಿಸಿ ಬಡಿದು ಮಾಡಿಕೊಳ್ಳುವುದು. ಆ ಬುದ್ಧಿ ಅವನನ್ನು ಎಲ್ಲಿಯವರೆಗೆ ಕಾಪಾಡಿತು, ಎಲ್ಲಿ ಕೈಕೊಟ್ಟಿತು ಎಂದು ನೋಡುವುದು ಈ ಬರಹದ ಕೆಲಸ.

ಹತ್ತು ಡಾಲರಿನ ಜಮೀನು

ಸುಕನೆನ್ ಹುಟ್ಟಿದ್ದು 1878ರಲ್ಲಿ. ಆಗ ಫಿನ್‌ಲ್ಯಾಂಡ್ ಸ್ವತಂತ್ರ ದೇಶವಲ್ಲ, ರಷ್ಯಾದ ಚಕ್ರವರ್ತಿಯ ಅಧೀನದ ಸೀಮೆ. ಹಡಗಿನ ಮತ್ತು ಉಕ್ಕಿನ ಕೆಲಸವನ್ನು ಕಲಿತದ್ದು ಅಲ್ಲಿಯೇ ಎನ್ನುತ್ತಾರೆ. ಇಪ್ಪತ್ತರ ಆಸುಪಾಸಿನಲ್ಲಿ ಅಮೆರಿಕಕ್ಕೆ ಬಂದು ಮಿನೆಸೋಟದಲ್ಲಿ ನೆಲೆಸಿದ, ಮದುವೆಯಾದ, ಮಕ್ಕಳಾದವು. 1911ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಗಡಿ ದಾಟಿದ. ಸಸ್ಕ್ಯಾಚೆವಾನಿನ ಮ್ಯಾಕ್ರೋರಿ ಎಂಬ ಊರಿನ ಬಳಿ ಅವನ ಅಣ್ಣತಮ್ಮಂದಿರಲ್ಲಿ ಒಬ್ಬನು ಆಗಲೇ ಜಮೀನು ಹಿಡಿದಿದ್ದ. ಅಷ್ಟು ದೂರವನ್ನು, ಅಂದರೆ ಸುಮಾರು 600 ಮೈಲಿಯನ್ನು, ನಡೆದೇ ಬಂದ ಎಂಬುದು ಆ ಸೀಮೆಯವರು ಇಂದಿಗೂ ಹೇಳುವ ಮಾತು. ರೈಲು ಇಲ್ಲದ ಕಾಲವೇನಲ್ಲ ಅದು. ಆ ಮನುಷ್ಯನಿಗೆ ದೂರದ ಅಂಜಿಕೆ ಇರಲಿಲ್ಲ ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅವನನ್ನು ಕರೆತಂದ ಕಾನೂನಿನ ಹೆಸರು ಡಾಮಿನಿಯನ್ ಲ್ಯಾಂಡ್ಸ್ ಆಕ್ಟ್, 1872ರದ್ದು. ಪಶ್ಚಿಮದ ಹುಲ್ಲುಗಾವಲನ್ನು ಸರ್ವೆಯವರು ಆರು ಮೈಲಿ ಚೌಕದ ಟೌನ್‌ಷಿಪ್‌ಗಳಾಗಿ ಕತ್ತರಿಸಿದ್ದರು. ಒಂದೊಂದರಲ್ಲಿ 36 ಸೆಕ್ಷನ್, ಸೆಕ್ಷನ್‌ಗೆ 640 ಎಕರೆ. ಅದರ ಕಾಲುಭಾಗ, 160 ಎಕರೆ, ಹತ್ತು ಡಾಲರ್ ಶುಲ್ಕ ಕಟ್ಟಿದ ಹದಿನೆಂಟು ತುಂಬಿದ ಗಂಡಸಿಗೆ. ಷರತ್ತುಗಳು ಮೂರು: ಮೂರು ವರ್ಷ, ವರ್ಷಕ್ಕೆ ಆರು ತಿಂಗಳಾದರೂ ಅಲ್ಲೇ ವಾಸವಿರಬೇಕು, ವಾಸಯೋಗ್ಯ ಮನೆ ಕಟ್ಟಬೇಕು, ಇಂತಿಷ್ಟು ಎಕರೆ ಒಡೆದು ಬಿತ್ತಬೇಕು. ಪರದೇಶದವನಾಗಿದ್ದರೆ ಹಕ್ಕುಪತ್ರ ಕೈಗೆ ಬರುವ ಮೊದಲು ಬ್ರಿಟಿಷ್ ಪ್ರಜೆಯೂ ಆಗಬೇಕು.

ಹೆಂಗಸಿನ ಹೆಸರಿಗೆ ಈ ಜಮೀನು ಇಲ್ಲ. ವಿಧವೆಯಾಗಿ, ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದರೆ ಉಂಟು. ಗಂಡನಿದ್ದವಳಿಗಾಗಲಿ ಮದುವೆಯಾಗದವಳಿಗಾಗಲಿ ಇಲ್ಲ. ಗಂಡನ ಜೊತೆ ಹತ್ತು ವರ್ಷ ದುಡಿದವಳ ಮಾತನ್ನೂ ಕೇಳದೆ ಅವನು ಹೊಲ ಮಾರಬಹುದಿತ್ತು. ವಾಸದ ಹೊಲಮನೆ ಮಾರಲು ಹೆಂಡತಿಯ ಸಹಿ ಬೇಕೆಂಬ ಕಾನೂನು ಸಸ್ಕ್ಯಾಚೆವಾನಿನಲ್ಲಿ ಬಂದದ್ದು 1915ರಲ್ಲಿ. ಸುಕನೆನ್‌ನ ಹೆಂಡತಿಗಾದರೋ ಸಹಿ ಮಾಡುವ ಪ್ರಸಂಗವೇ ಒದಗಲಿಲ್ಲ. ಆಕೆ ಗಡಿಯ ಆ ಕಡೆಯೇ ಉಳಿದಳು.

ಕಬ್ಬಿಣ ಬಲ್ಲವನಿಗೆ ಇದ್ದ ಬೆಲೆ

ಆ ಬಯಲಿನಲ್ಲಿ ಕುಲುಮೆಯವನು ಯಾಕೆ ಅಷ್ಟು ಬೇಕಾದವನಾಗಿದ್ದ ಎಂಬುದು ನೆಲವನ್ನು ನೋಡಿದರೆ ತಿಳಿಯುತ್ತದೆ. ಸಾವಿರಾರು ವರ್ಷ ನೇಗಿಲು ಕಾಣದ ಹುಲ್ಲುಗಾವಲು ಅದು. ಹುಲ್ಲಿನ ಬೇರು ಹೆಣೆದು ಹೆಣೆದು ಮೇಲುಪದರವೇ ಒಂದು ದಪ್ಪ ಕಂಬಳಿಯಂತಾಗಿರುತ್ತದೆ. ಅದನ್ನು ಚೌಕವಾಗಿ ಕತ್ತರಿಸಿ ಇಟ್ಟಿಗೆಯ ಹಾಗೆ ಪೇರಿಸಿ ಮನೆಯ ಗೋಡೆ ಎಬ್ಬಿಸುತ್ತಿದ್ದರು ಎಂದರೆ ಅದರ ಗಟ್ಟಿತನ ಊಹಿಸಿಕೊಳ್ಳಬಹುದು. ಅದನ್ನು ಸೀಳುವ ಉಕ್ಕಿನ ಗುಳ ಬೇಗನೆ ಮೊಂಡಾಗುತ್ತಿತ್ತು. ನಡುವೆ ಕಲ್ಲು ಸಿಕ್ಕರೆ ಅಂದೇ ಕೆಲಸ ಕೆಟ್ಟಿತು. ಮೊಂಡಾದ ಗುಳವನ್ನು ಅರದಲ್ಲಿ ಉಜ್ಜಿದರೆ ಸಾಲದು. ಕೆಂಪಗೆ ಕಾಯಿಸಿ, ಬಡಿದು ಅಂಚನ್ನು ಮುಂದಕ್ಕೆ ಎಳೆದು, ಮೂತಿ ನೆಲದ ಕಡೆಗೆ ಎಷ್ಟು ಬಾಗಬೇಕೋ ಅಷ್ಟೇ ಬಾಗಿಸಿ, ನೀರಿಗೆ ಅದ್ದಿ ಹದ ಕೂಡಿಸಬೇಕು. ಬಾಗು ಕಡಿಮೆಯಾದರೆ ನೇಗಿಲು ನೆಲ ಕಚ್ಚದೆ ಜಾರುತ್ತದೆ, ಹೆಚ್ಚಾದರೆ ಕುದುರೆಗಳು ಸೋಲುತ್ತವೆ. ಹದ ಹೆಚ್ಚಾದರೆ ಗುಳ ಕಲ್ಲಿಗೆ ಬಡಿದು ಚಕ್ಕೆ ಏಳುತ್ತದೆ.

ಗಾಡಿಯ ಚಕ್ರದ್ದು ಇನ್ನೊಂದು ಗೋಳು. ಒಣಹವೆಗೆ ಮರ ಸೊರಗಿ ಚಕ್ರಕ್ಕೆ ಹಾಕಿದ ಕಬ್ಬಿಣದ ಪಟ್ಟಿ ಸಡಿಲವಾಗುತ್ತಿತ್ತು. ಪಟ್ಟಿ ಬಿಚ್ಚಿ, ತುಸು ಗಿಡ್ಡ ಮಾಡಿ, ಸುತ್ತ ಬೆಂಕಿ ಒಟ್ಟಿ ಕಾಯಿಸಿ, ಹಿಗ್ಗಿರುವಾಗಲೇ ಚಕ್ರಕ್ಕೆ ತೊಡಿಸಿ ನೀರು ಹೊಯ್ಯಬೇಕು. ಚಳಿಗಾಲ ಬಂತೆಂದರೆ ಮಂಜುಗಡ್ಡೆಯ ದಾರಿಯಲ್ಲಿ ಜಾರದಂತೆ ಕುದುರೆಗಳಿಗೆ ಮೊನೆಯುಳ್ಳ ಲಾಳ. ಎಸ್ಟೆವನ್ ಕಡೆಯ ಗಣಿಗಳಿಂದ ಲಿಗ್ನೈಟ್ ಎಂಬ ಅಗ್ಗದ ಕಂದು ಕಲ್ಲಿದ್ದಲು ಸಿಗುತ್ತಿತ್ತು, ಆದರೆ ಅದು ಒಲೆಗಷ್ಟೇ ಲಾಯಕ್ಕು. ಬೆಸುಗೆ ಕೂಡುವಷ್ಟು ಶಾಖಕ್ಕೆ ಒಳ್ಳೆಯ ಕಲ್ಲಿದ್ದಲು ರೈಲಿನಲ್ಲಿ ದೂರದಿಂದ ಬರಬೇಕು.

ಇಲ್ಲಿ ಒಂದು ಇಕ್ಕಟ್ಟು ಇತ್ತು. ಕಾನೂನಿನ ಪ್ರಕಾರ ತನ್ನ ಎಕರೆಗಳನ್ನು ಒಡೆಯಬೇಕಾದದ್ದು ಬೇಸಿಗೆಯ ಆ ಕೆಲವೇ ತಿಂಗಳಲ್ಲಿ. ನೆರೆಯವರ ಗುಳಗಳು ಕುಲುಮೆಯ ಬಾಗಿಲಲ್ಲಿ ರಾಶಿ ಬೀಳುವುದೂ ಅದೇ ತಿಂಗಳಲ್ಲಿ. ಆದ್ದರಿಂದ ಹೋಮ್‌ಸ್ಟೆಡ್, ಅಂದರೆ ಸರ್ಕಾರ ಹೀಗೆ ಷರತ್ತಿನ ಮೇಲೆ ಕೊಟ್ಟ ಜಮೀನು, ಹಿಡಿದ ಕಮ್ಮಾರನ ಬದುಕು ಮನೆಮಂದಿಯ ಕೈಗಳ ಮೇಲೆಯೇ ನಿಲ್ಲುತ್ತಿತ್ತು. ಹೆಂಡತಿ ಕುದುರೆ ಹೂಡಿ ಹೊಲಕ್ಕೆ ಹೋದರೆ ಗಂಡ ಕುಲುಮೆಗೆ. ದೊಡ್ಡ ಹುಡುಗ ತಿದಿ ಒತ್ತುತ್ತಾನೆ, ಇನ್ನೂ ದೊಡ್ಡವನಾದರೆ ಚಮ್ಮಟಿಗೆ ಬೀಸುತ್ತಾನೆ. ಇಕ್ಕಳ ಹಿಡಿದವನೇ ಚಮ್ಮಟಿಗೆಯನ್ನೂ ಬೀಸಲಾರ. ದಪ್ಪ ಕಬ್ಬಿಣಕ್ಕೆ ಎರಡನೇ ಆಳು ಬೇಕೇ ಬೇಕು.

ಸುಕನೆನ್‌ಗೆ ಆ ಎರಡನೇ ಆಳು ಇರಲಿಲ್ಲ.

ಇಲ್ಲದಿದ್ದರೂ ಮೊದಲ ವರ್ಷಗಳು ಚೆನ್ನಾಗಿಯೇ ನಡೆದವು. ಮೈಯಲ್ಲಿ ಅಸಾಧ್ಯ ಬಲ. ಜಮೀನು ತನ್ನದಾಯಿತು, ಗೋಧಿಯ ಬೆಲೆ ಮಹಾಯುದ್ಧದಿಂದಾಗಿ ಏರಿತ್ತು. ಒಂದು ಒಕ್ಕಣೆ ಯಂತ್ರವನ್ನೂ ಹೊಲಿಗೆ ಯಂತ್ರವನ್ನೂ ತಾನೇ ಮಾಡಿಕೊಂಡ, ಗೋಧಿಯ ಕಟ್ಟುಗಳನ್ನು ಬಿಗಿಯುವ ಹುರಿಯಿಂದ ತನಗೆ ಬಟ್ಟೆ ಹೆಣೆದುಕೊಂಡ ಎಂದೆಲ್ಲ ಹೇಳುತ್ತಾರೆ. ನೆರೆಯವರಿಗೆ ಉಪಕಾರಿಯಾಗಿದ್ದ ಎಂಬ ಮಾತನ್ನೂ ಹೇಳುತ್ತಾರೆ. ಈ ಕೊನೆಯ ಮಾತು ಮುಖ್ಯ. ಹುರಿಯ ಅಂಗಿ ತೊಟ್ಟವನನ್ನು ಆಗ ಯಾರೂ ಹುಚ್ಚ ಎನ್ನಲಿಲ್ಲ.

1918

ಏಳು ವರ್ಷ ಕಳೆದ ಮೇಲೆ ಕುಟುಂಬವನ್ನು ಕರೆತರಲು ಮಿನೆಸೋಟಕ್ಕೆ ಹೊರಟ, ಮತ್ತೆ ನಡೆದೇ. ವಸ್ತುಸಂಗ್ರಹಾಲಯದವರು ಹೇಳುವಂತೆ, ಹೋಗಿ ನೋಡಿದರೆ ಹೆಂಡತಿ ಇನ್‌ಫ್ಲುಯೆಂಜಾದಲ್ಲಿ ತೀರಿಹೋಗಿದ್ದಳು, ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಪೋಷಣೆಗೆ ಹಂಚಿಹೋಗಿದ್ದರು. ಆ ಜ್ವರ ಕೆನಡಾ ಒಂದರಲ್ಲೇ ಸುಮಾರು 50,000 ಜನರನ್ನು ಕೊಂದಿತು. ಮಗನನ್ನು ಹುಡುಕಿ ಗಡಿಯತ್ತ ಕರೆದೊಯ್ಯಲು ಪ್ರಯತ್ನಿಸಿದ, ಅಧಿಕಾರಿಗಳು ತಡೆದರು. ಮತ್ತೊಮ್ಮೆ ಪ್ರಯತ್ನಿಸಿದಾಗಲೂ ಹಾಗೆಯೇ ಆಯಿತು. ಬರಿಗೈಯಲ್ಲಿ ತನ್ನ 160 ಎಕರೆಗೆ ಮರಳಿದ.

ಹಡಗಿನ ಬಗ್ಗೆ ಬರೆಯುವವರು ಈ ಘಟನೆಯನ್ನು ಎರಡು ಸಾಲಿನಲ್ಲಿ ಮುಗಿಸಿ ಮುಂದೆ ಓಡುತ್ತಾರೆ. ನನ್ನ ಪ್ರಕಾರ ಪ್ರಕರಣದ ತಿರುಳು ಇಲ್ಲಿದೆ. ಮನಸ್ಸು ಮುರಿಯಿತು, ಹಾಗಾಗಿ ಹಡಗು ಕಟ್ಟಿದ ಎಂಬ ಸುಲಭದ ಅರ್ಥದಲ್ಲಿ ಅಲ್ಲ. ಹೋಮ್‌ಸ್ಟೆಡ್ ಎಂಬ ಇಡೀ ಏರ್ಪಾಡು ನಿಂತದ್ದು ಮನೆಮಂದಿಯ ಕೂಲಿಯಿಲ್ಲದ ದುಡಿಮೆಯ ಮೇಲೆ. ಹೊಲ ನಾಳೆ ಮಗನಿಗೆ ಎಂಬ ಆಸೆಯೇ ಅದರ ಸಂಬಳ. ಮಗನೇ ಬಾರದ ಮೇಲೆ ಆ ಹೊಲಕ್ಕೆ ಸುಕನೆನ್‌ನ ಲೆಕ್ಕದಲ್ಲಿ ಏನು ಬೆಲೆ ಉಳಿಯಿತು? ತನ್ನ ಹುಟ್ಟೂರಿನ ಕಡೆ ಮುಖ ತಿರುಗಿಸಿದ್ದರಲ್ಲಿ ವಿಚಿತ್ರವೇನೂ ನನಗೆ ಕಾಣುವುದಿಲ್ಲ. ವಿಚಿತ್ರವಾದದ್ದು ಅವನು ಆರಿಸಿಕೊಂಡ ದಾರಿ.

ನದಿ ನೋಡಿ ಬಂದವನು

1929ರಲ್ಲಿ ಅವನು ಸಣ್ಣ ದೋಣಿಯೊಂದನ್ನು ಕಟ್ಟಿ ದಕ್ಷಿಣ ಸಸ್ಕ್ಯಾಚೆವಾನ್ ನದಿಗೆ ಇಳಿದ. ನದಿ ಹಿಡಿದು ಹಡ್ಸನ್ ಕೊಲ್ಲಿ ಮುಟ್ಟಿ, ಅಲ್ಲಿಂದ ಸರಕಿನ ಹಡಗೇರಿ ಫಿನ್‌ಲ್ಯಾಂಡಿಗೆ ಹೋಗಿ ಹಿಂತಿರುಗಿದ ಎಂಬುದು ಪ್ರಚಲಿತ ಕಥನ. ನಕ್ಷೆ ನೋಡಿದರೆ ದಾರಿ ಸರಿಯಾಗಿದೆ: ಪ್ರಿನ್ಸ್ ಆಲ್ಬರ್ಟಿನ ಪೂರ್ವಕ್ಕೆ ಉತ್ತರದ ಕವಲು ಬಂದು ಕೂಡುತ್ತದೆ, ಕೂಡಿದ ನದಿ ವಿನಿಪೆಗ್ ಸರೋವರಕ್ಕೆ ಸೇರುತ್ತದೆ, ಸರೋವರದಿಂದ ನೆಲ್ಸನ್ ನದಿ ಹೊರಟು ಹಡ್ಸನ್ ಕೊಲ್ಲಿಗೆ ಬೀಳುತ್ತದೆ. ಮೂಗಿನ ನೇರಕ್ಕೆ ಕೈ ತೋರಿಸಿ ‘ಅಲ್ಲಿ ಸಮುದ್ರವಿದೆ’ ಎಂದವನಲ್ಲ ಸುಕನೆನ್, ದಾರಿ ತಿಳಿದವನು.

ದಿಕ್ಕಂತೂ ಅವನೊಬ್ಬನದೇ ಅಲ್ಲ. ತಮ್ಮ ಗೋಧಿ ಪೂರ್ವದ ದೂರದ ಬಂದರುಗಳನ್ನು ಸುತ್ತದೆ ನೇರವಾಗಿ ಹಡ್ಸನ್ ಕೊಲ್ಲಿಯಿಂದ ಯುರೋಪಿಗೆ ಹೋಗಬೇಕೆಂದು ಹುಲ್ಲುಗಾವಲಿನ ರೈತರು ದಶಕಗಳ ಕಾಲ ಹಟ ಹಿಡಿದಿದ್ದರು. ಆ ಹಟಕ್ಕೆ ಮಣಿದು ಸರ್ಕಾರ ಹಾಕಿದ ರೈಲುಹಳಿ ಕೊಲ್ಲಿಯ ದಡದ ಚರ್ಚಿಲ್ ಎಂಬ ಊರು ಮುಟ್ಟಿದ್ದು 1929ರಲ್ಲಿ, ಬಂದರು ತೆರೆದು ಗೋಧಿ ಹಡಗೇರಿದ್ದು 1931ರಲ್ಲಿ. ವರ್ಷದ ಬಹುಭಾಗ ಮಂಜುಗಟ್ಟುವ ಕೊಲ್ಲಿಯ ಮೇಲೆ ಸರ್ಕಾರವೇ ಹಣ ಹೂಡಿದ ಕಾಲವದು. ಸರ್ಕಾರ ಮಾಡಿದರೆ ಯೋಜನೆ, ಒಬ್ಬಂಟಿ ಕಮ್ಮಾರ ಮಾಡಿದರೆ ಭ್ರಮೆ.

ಹಾಗೆಂದು ಅವನ ಪರವಾಗಿ ಪೂರ್ತಿ ವಕಾಲತ್ತು ವಹಿಸಲಾರೆ. ದೋಣಿ ಹೋದಲ್ಲಿ ಹಡಗು ಹೋಗುವುದಿಲ್ಲ. ಆ ನದಿಯ ತುಂಬ ಮರಳುದಿಬ್ಬಗಳು, ವರ್ಷವರ್ಷಕ್ಕೂ ಜಾಗ ಬದಲಾಯಿಸುತ್ತವೆ. 1908ರ ಜೂನ್‌ನಲ್ಲಿ ‘ಸಿಟಿ ಆಫ್ ಮೆಡಿಸಿನ್ ಹ್ಯಾಟ್’ ಎಂಬ ಉಗಿಹಡಗು ಇದೇ ನದಿಯಲ್ಲಿ ವಿನಿಪೆಗ್‌ಗೆಂದು ಹೊರಟು ಸಸ್ಕಟೂನ್‌ನ ಸೇತುವೆಗೆ ಬಡಿದು ಮುಳುಗಿತ್ತು. ಮುಂದೆ ನೆಲ್ಸನ್ ನದಿಯ ಉದ್ದಕ್ಕೂ ಕಲ್ಲುಬಂಡೆಗಳ ನಡುವೆ ಧುಮುಕುವ ಪ್ರವಾಹ. ದೋಣಿಯನ್ನು ಹೆಗಲಿಗೇರಿಸಿ ದಡದ ಮೇಲೆ ಒಯ್ಯಬಹುದು, ಹಡಗನ್ನು ಒಯ್ಯುವವರು ಯಾರು?

ಸೆಗಣಿಹುಳ

ಇದಕ್ಕೂ ಅವನಲ್ಲಿ ಉತ್ತರವಿತ್ತು, ಅದು ಕಮ್ಮಾರನ ಉತ್ತರ: ಬಿಡಿಬಿಡಿಯಾಗಿ ಮಾಡು, ಕೊನೆಯಲ್ಲಿ ಜೋಡಿಸು. ಹಡಗಿನ ಅಡಿಗಟ್ಟು, ಒಡಲು, ಮೇಲಿನ ಕೋಣೆಗಳು ಬೇರೆ ಬೇರೆ. ಆಳವಿಲ್ಲದ ನದಿಯಲ್ಲಿ ತೆಪ್ಪದ ಮೇಲೆ ಸಾಗಿಸಿ, ಕೊಲ್ಲಿಯ ಬಾಯಲ್ಲಿ ಒಂದಕ್ಕೊಂದು ಕೂಡಿಸಿ ಸಮುದ್ರಕ್ಕೆ ಇಳಿಸುವುದು ಅವನ ಯೋಜನೆ. ಹಾಳೆ ಕಬ್ಬಿಣ ತರಿಸಿದ. ಬಾಯ್ಲರನ್ನೂ ಯಂತ್ರದ ಭಾಗಗಳನ್ನೂ ತನ್ನ ಕುಲುಮೆಯಲ್ಲೇ ಬಡಿದು ಮಾಡತೊಡಗಿದ. ಉಪ್ಪುನೀರು ತಿನ್ನದಿರಲೆಂದು ಒಡಲಿಗೆ ಕುದುರೆಯ ರಕ್ತ ಬಳಿದ ಎನ್ನುತ್ತಾರೆ. ಕೇಳಲು ಅಸಹ್ಯ, ಆದರೆ ರಕ್ತದಿಂದ ಅಂಟು ಮತ್ತು ಬಣ್ಣ ತಯಾರಿಸುವುದು ಯುರೋಪಿನ ಮರಗೆಲಸದಲ್ಲಿ ಹಳೆಯ ಪದ್ಧತಿಯೇ. ಹಡಗಿಗೆ ಇಟ್ಟ ಹೆಸರು ‘ಸೊಂಟಿಯಾಯಿನೆನ್’, ಫಿನ್ನಿಷ್ ಭಾಷೆಯಲ್ಲಿ ಸೆಗಣಿಹುಳ. ತನ್ನ ಮೈಗಿಂತ ದೊಡ್ಡ ಉಂಡೆಯನ್ನು ಹಿಮ್ಮುಖವಾಗಿ ಉರುಳಿಸಿಕೊಂಡು ಹೋಗುವ ಆ ಹುಳವನ್ನು ನೋಡಿದವರಿಗೆ, ಈ ಮನುಷ್ಯನಿಗೆ ತನ್ನನ್ನೇ ನೋಡಿ ನಗುವ ಶಕ್ತಿ ಇತ್ತು ಎಂಬುದು ಹೊಳೆಯದಿರದು. ಹುಚ್ಚ ಎಂದವರು ಈ ಹೆಸರಿನ ಅರ್ಥ ಕೇಳಿದ್ದರೋ ಇಲ್ಲವೋ.

ಊರಿನವರ ಕಡೆಯಿಂದಲೂ ನೋಡಬೇಕು. ಅವು ಮೂವತ್ತರ ದಶಕದ ವರ್ಷಗಳು. 1932ರಲ್ಲಿ ಗೋಧಿ ಬುಷೆಲ್‌ಗೆ, ಅಂದರೆ ಸುಮಾರು 27 ಕಿಲೋಗೆ, 40 ಸೆಂಟ್‌ಗಿಂತ ಕೆಳಗಿಳಿಯಿತು. ಮಳೆ ಹೋಯಿತು, ಮೇಲ್ಮಣ್ಣು ಗಾಳಿಗೆ ಹಾರಿತು, ಮಿಡತೆ ಬಂತು. 1937ರಲ್ಲಿ ಪ್ರಾಂತ್ಯದ ಸರಾಸರಿ ಇಳುವರಿ ಎಕರೆಗೆ ಮೂರು ಬುಷೆಲ್ ಕೂಡ ಇರಲಿಲ್ಲ. ಆ ಸೀಮೆ ಬಹುಪಾಲು ಬೇಸಾಯಕ್ಕೆ ತೀರ ಒಣಗಿದ್ದು ಎಂದು ಜಾನ್ ಪ್ಯಾಲಿಸರ್ 1857ರಿಂದ ಮೂರು ವರ್ಷ ಸುತ್ತಾಡಿ ವರದಿ ಕೊಟ್ಟಿದ್ದ; ಅದನ್ನು ಮರೆತು ಸರ್ಕಾರ ಜಮೀನು ಹಂಚಿತ್ತು. ಪೆಟ್ರೋಲಿಗೆ ಕಾಸಿಲ್ಲದ ರೈತರು ಕಾರಿನ ಎಂಜಿನ್ ಕಿತ್ತು, ಮುಂದೆ ಮೂಕಿ ಜೋಡಿಸಿ ಕುದುರೆ ಕಟ್ಟಿದರು. ಆಗಿನ ಪ್ರಧಾನಿಯ ಹೆಸರಿಟ್ಟು ಅದನ್ನು ‘ಬೆನೆಟ್ ಬಗ್ಗಿ’ ಎಂದು ಅಣಕಿಸಿದರು. ಕಬ್ಬಿಣ ಬಲ್ಲವನು ಇಂಥ ಹೊತ್ತಿನಲ್ಲಿ ಊರಿಗೆ ಎಷ್ಟು ಬೇಕಾದವನು! ಅದೇ ಹೊತ್ತಿಗೆ ಇವನು ಹೊಲ ಬಿಟ್ಟ, ಉಳಿದ ದುಡ್ಡನ್ನೆಲ್ಲ ಕಬ್ಬಿಣದ ಹಾಳೆಗೆ ಸುರಿದ, ಹಸಿ ಗೋಧಿ ಮತ್ತು ಕುದುರೆಯ ಮಾಂಸ ತಿಂದು ದಿನ ನೂಕಿದ ಎನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಮಲ್ಲಿಗೆ ಸಿಗಲಿಕ್ಕಿಲ್ಲ. ಊರವರ ಸಹನೆ ಕರಗಿದ್ದರಲ್ಲಿ ಕೆಟ್ಟತನ ಹುಡುಕುವುದು ಅನ್ಯಾಯ. ಹುರಿಯ ಅಂಗಿಯನ್ನು ಅವರು ಸಹಿಸಿದ್ದು ಒಕ್ಕಣೆ ಯಂತ್ರ ಮಾಡಬಲ್ಲ ನೆರೆಯವನ ಅಂಗಿ ಎಂದು. ಆ ಕೈಗಳು ಊರಿಗಾಗಿ ದುಡಿಯುವುದನ್ನು ನಿಲ್ಲಿಸಿದ ಮೇಲೆ ಅಂಗಿ ಮಾತ್ರ ಕಣ್ಣಿಗೆ ಬಿತ್ತು.

ಹದಿನೇಳು ಮೈಲಿ

ಅವನ ಹೊಲದಿಂದ ನದಿಗೆ ಸುಮಾರು 17 ಮೈಲಿ. ಇಡೀ ಪ್ರಕರಣದಲ್ಲಿ ಸುಕನೆನ್‌ನನ್ನು ಸೋಲಿಸಿದ್ದು ಕೊಲ್ಲಿಯೂ ಅಲ್ಲ, ಅಟ್ಲಾಂಟಿಕ್ಕೂ ಅಲ್ಲ; ಈ 17 ಮೈಲಿ. ಎರಡು ಸಲ ಗಡಿಯಾಚೆಗೆ ನೂರಾರು ಮೈಲಿ ನಡೆದವನ ಮನಸ್ಸಿಗೆ ಅದು ಒಂದು ದಿನದ ನಡಿಗೆ. ಟನ್‌ಗಟ್ಟಲೆ ತೂಗುವ ಒಡಲಿಗೆ ಅದು ಬೇರೆಯೇ ದೂರ. ಟ್ರ್ಯಾಕ್ಟರ್‌ಗಳನ್ನು ಒಟ್ಟಿಗೆ ಕಟ್ಟಿ ಎಳೆಯುವಷ್ಟು ನೆರೆಯವರ ಒಲವು ಉಳಿದಿರಲಿಲ್ಲ. ಒಂಟಿ ಕುದುರೆ, ಹಗ್ಗ ಸುತ್ತುವ ರಾಟೆ, ತನ್ನ ತೋಳು. ರಾಟೆಯನ್ನು ನೆಲಕ್ಕೆ ಬಿಗಿದು, ಹಗ್ಗ ಸುತ್ತಿ, ಹಡಗು ಹಗ್ಗದಷ್ಟು ಉದ್ದ ಸರಿದ ಮೇಲೆ ರಾಟೆ ಕಿತ್ತು ಮುಂದೆ ನೆಟ್ಟು ಮತ್ತೆ ಸುತ್ತುವ ಕೆಲಸ. ಎರಡನೇ ಆಳು ಇಲ್ಲದ ಕುಲುಮೆಯ ಕೊರತೆ ಇಲ್ಲಿ ನೂರ್ಮಡಿಯಾಗಿ ಎದುರಾಯಿತು.

ಹಡಗು ನದಿ ಮುಟ್ಟಲಿಲ್ಲ. ದಾರಿಯಲ್ಲೇ ನಿಂತ ಅದರ ಭಾಗಗಳನ್ನು ಯಾರೋ ಕಿತ್ತುಕೊಂಡು ಹೋದರು. ದೂರು ಹೋಯಿತು, 1941ರಲ್ಲಿ ಅವನನ್ನು ನಾರ್ತ್ ಬ್ಯಾಟಲ್‌ಫೋರ್ಡಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1943ರಲ್ಲಿ ಅಲ್ಲಿಯೇ ತೀರಿಕೊಂಡ. ಅರವತ್ತೈದು ತುಂಬಿರಲಿಲ್ಲ.

ಕಬ್ಬಿಣ ಗುಜರಿಗೆ ಹೋಗದಂತೆ ಒಬ್ಬ ನೆರೆಯವನು ಹಡಗಿನ ಭಾಗಗಳನ್ನು ತನ್ನ ಹೊಲದಲ್ಲಿ ಇಟ್ಟುಕೊಂಡ. ಅವನು ಹಾಗೆ ಮಾಡದಿದ್ದರೆ ಇಂದು ಹೇಳಲು ಕಥೆ ಉಳಿಯುತ್ತಿತ್ತು, ನೋಡಲು ಏನೂ ಉಳಿಯುತ್ತಿರಲಿಲ್ಲ. 1970ರ ದಶಕದಲ್ಲಿ ಮೂಸ್ ಜಾ ಕಡೆಯ ಹವ್ಯಾಸಿಗಳು ಅವನ್ನು ಸಾಗಿಸಿ ತಂದು, ಅಡಿಗಟ್ಟಿನ ಮೇಲೆ ಒಡಲು, ಒಡಲಿನ ಮೇಲೆ ಕೋಣೆ ಕೂಡಿಸಿ ನಿಲ್ಲಿಸಿದರು. ಕಟ್ಟಿದವನು ಒಮ್ಮೆಯೂ ಕಣ್ಣಾರೆ ಕಾಣದ ಪೂರ್ಣ ರೂಪ ಅದು. ಅವನ ಅವಶೇಷಗಳನ್ನೂ ತಂದು ಹಡಗಿನ ಪಕ್ಕದಲ್ಲೇ ಮಣ್ಣು ಮಾಡಿದರು.

ಅವನು ಇಳಿಯಬೇಕೆಂದಿದ್ದ ಆ ಮರಳು ತುಂಬಿದ ನದಿಗೆ ಮ್ಯಾಕ್ರೋರಿಯ ಸೀಮೆಯಲ್ಲೇ 1959ರಿಂದ 1967ರವರೆಗೆ ಗಾರ್ಡಿನರ್ ಅಣೆಕಟ್ಟು ಕಟ್ಟಿದರು. ಈಗ ಅಲ್ಲಿ ಹಡಗು ತೇಲುವಷ್ಟು ಆಳದ ನೀರಿದೆ, ಮುಂದೆ ಹೋಗಲು ದಾರಿಯಿಲ್ಲ. ಆ ಜಲಾಶಯಕ್ಕೆ ಪ್ರಧಾನಿಯಾಗಿದ್ದ ಜಾನ್ ಡೀಫನ್‌ಬೇಕರ್‌ನ ಹೆಸರಿಟ್ಟಿದ್ದಾರೆ. ಡೀಫನ್‌ಬೇಕರ್ ಕೂಡ ಹೋಮ್‌ಸ್ಟೆಡ್ ಮನೆಯ ಹುಡುಗ; ಅವನ ಅಪ್ಪ ಜಮೀನು ಹಿಡಿದು ಕಟ್ಟಿದ ಪುಟ್ಟ ಮರದ ಮನೆಯನ್ನೂ ಮೂಸ್ ಜಾದ ಅದೇ ವಸ್ತುಸಂಗ್ರಹಾಲಯದ ಅಂಗಳಕ್ಕೆ ತಂದಿಟ್ಟಿದ್ದಾರೆ, ಸೆಗಣಿಹುಳ ನಿಂತಿರುವ ಅಂಗಳಕ್ಕೆ.